ಆ ಬಸ್ಸು ಸಿಕ್ಕಿದ್ದರೆ ಬದುಕು ಬೇರೆ ಆಗ್ತಿತ್ತಾ?

ಪ್ರಶ್ನೆ: ನಾನು ಕಾಸರಗೋಡಿನ ಬದಿಯಡ್ಕ ಕಡೆಯವನು, ವಯಸ್ಸು 41. 2001ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಮಂಗಳೂರಿನ ಒಂದು ಕಾಲೇಜಿನಲ್ಲಿ ಡಿಪ್ಲೊಮಾಕ್ಕೆ ಅರ್ಜಿ ಹಾಕಿದ್ದೆ. ಸಂದರ್ಶನದ ದಿನ ಬೆಳಿಗ್ಗೆ ಚಪ್ಪಲಿಯ ಬಾರು ಕಿತ್ತುಹೋಯಿತು. ಹೇಗೋ ಸರಿಮಾಡಿಕೊಂಡು ಓಡಿ ಬರುವಷ್ಟರಲ್ಲಿ ಬಸ್ಸು ಕಣ್ಣೆದುರೇ ಹೊರಟುಹೋಯಿತು. ಜೊತೆಗೆ ಅರ್ಜಿ ಹಾಕಿದ್ದ ಗೆಳೆಯ ಅದೇ ಬಸ್ಸಿನಲ್ಲಿದ್ದ. ಅವನಿಗೆ ಸೀಟು ಸಿಕ್ಕಿತು, ಈಗ ಜರ್ಮನಿಯಲ್ಲಿದ್ದಾನೆ. ಎರಡು ದಿನ ಬಿಟ್ಟು ಬಂದರೂ ನೋಡುತ್ತೇವೆ ಎಂದು ಕಾಲೇಜಿನವರು ಪಕ್ಕದ ಮನೆಯ ಫೋನಿಗೆ ಹೇಳಿದ್ದರು. ಆಗ ಅಪ್ಪನಿಗೆ ಸೌಖ್ಯ ಇರಲಿಲ್ಲ, ತೋಟಕ್ಕೆ ಮದ್ದು ಬಿಡುವ ಸಮಯ ಬೇರೆ. ಹೋಗಲಿಲ್ಲ. ಈಗ ಅಡಿಕೆ ತೋಟ ಇದೆ, ಪೇಟೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಇದೆ. ಊಟಕ್ಕೆ ಕಷ್ಟ ಇಲ್ಲ. ಆದರೆ ಆ ಬಸ್ಸು ಈಗಲೂ ಕಣ್ಣಮುಂದೆ ಬರುತ್ತದೆ. ಒಂದು ಚಪ್ಪಲಿಯ ಬಾರು ಇಡೀ ಜೀವನವನ್ನು ತಿರುಗಿಸಬಹುದಾ? ಅಥವಾ ಎಲ್ಲ ಹಣೆಬರಹವಾ? ಮಗಳ ಎಸ್ಸೆಸ್ಸೆಲ್ಸಿ ಈಗ ಮುಗಿದಿದೆ. ಇಲ್ಲೇ ಕೇರಳದ ಪ್ಲಸ್ ಒನ್‌ಗೆ (ಹನ್ನೊಂದನೇ ತರಗತಿಗೆ) ಸೇರಿಸುವುದೋ, ಮಂಗಳೂರಿನಲ್ಲಿ ಹಾಸ್ಟೆಲಿಗೆ ಹಾಕಿ ಪಿಯುಸಿ ಓದಿಸುವುದೋ ಗೊತ್ತಾಗುತ್ತಿಲ್ಲ. ಒಂದು ತಪ್ಪು ತೀರ್ಮಾನದಿಂದ ಅವಳ ಬದುಕೂ ಹಾಗೇ ಆದರೆ ಎಂದು ಹೆದರಿಕೆ.

ಉತ್ತರ:

ಚಪ್ಪಲಿಯ ಬಾರು ಜೀವನವನ್ನು ತಿರುಗಿಸಬಹುದು, ಅನುಮಾನ ಬೇಡ. ಆದರೆ ನಿಮ್ಮ ಪತ್ರವನ್ನು ಓದಿದ ಮೇಲೆ ನನಗೆ ಅನ್ನಿಸಿದ್ದು ಬೇರೆ. ನಿಮ್ಮ ದಾರಿ ತಿರುಗಿದ್ದು ಆ ಬೆಳಿಗ್ಗೆ ಅಲ್ಲ, ಅದರ ನಂತರದ ಎರಡು ದಿನಗಳಲ್ಲಿ. ಅದನ್ನು ನೀವೇ ಬರೆದಿದ್ದೀರಿ, ಒಂದೇ ಮಾತಿನಲ್ಲಿ ದಾಟಿಸಿಬಿಟ್ಟಿದ್ದೀರಿ ಅಷ್ಟೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು, ಬಸ್ಸು ಯಾಕೆ ಇಷ್ಟು ವರ್ಷ ಕಾಡುತ್ತದೆ ಎಂಬುದನ್ನು ನೋಡೋಣ. ಡೇನಿಯಲ್ ಕಾನ್ಮನ್ ಮತ್ತು ಆಮೋಸ್ ಟ್ವೆರ್ಸ್ಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1982ರಲ್ಲಿ ಪ್ರಕಟಿಸಿದ ಒಂದು ಬರಹದಲ್ಲಿ ಜನರಿಗೆ ಒಂದು ಸಣ್ಣ ಕಥೆ ಹೇಳಿ ಪ್ರಶ್ನೆ ಕೇಳಿದ್ದರು. ಇಬ್ಬರು ಒಂದೇ ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಹೊರಡುತ್ತಾರೆ. ಇಬ್ಬರ ವಿಮಾನ ಬೇರೆ ಬೇರೆ, ಆದರೆ ಹೊರಡುವ ಸಮಯ ಒಂದೇ. ದಾರಿಯಲ್ಲಿ ಟ್ರಾಫಿಕ್ ಜಾಮ್, ಮುಟ್ಟುವಾಗ ಅರ್ಧ ಗಂಟೆ ತಡ. ಒಬ್ಬನ ವಿಮಾನ ಸಮಯಕ್ಕೆ ಸರಿಯಾಗಿ ಹೋಗಿದೆ. ಇನ್ನೊಬ್ಬನ ವಿಮಾನ ತಡವಾಗಿ, ಐದೇ ನಿಮಿಷದ ಹಿಂದೆ ಹೊರಟಿದೆ. ಯಾರಿಗೆ ಹೆಚ್ಚು ಬೇಜಾರಾಗುತ್ತದೆ? ಉತ್ತರ ಕೊಟ್ಟವರಲ್ಲಿ 96 ಶೇಕಡಾ ಜನ ಎರಡನೆಯವನಿಗೆ ಎಂದರು. ಇಬ್ಬರಿಗೂ ಆದ ನಷ್ಟ ಒಂದೇ ನೋಡಿ. ವಿಮಾನ ಇಲ್ಲ, ಅಷ್ಟೆ. ಆದರೆ ಎರಡನೆಯವನು ಮನಸ್ಸಿನಲ್ಲೇ ಆ ಐದು ನಿಮಿಷವನ್ನು ಸುಲಭವಾಗಿ ತಿದ್ದಬಲ್ಲ. ‘ಆ ಸಿಗ್ನಲ್ ಒಂದು ಇಲ್ಲದಿದ್ದರೆ...’ ಎನ್ನಬಲ್ಲ. ಅರ್ಧ ಗಂಟೆಯನ್ನು ಹಾಗೆ ತಿದ್ದಲು ಬರುವುದಿಲ್ಲ.

ಗೆದ್ದವರಿಗೂ ಇದು ತಪ್ಪಿದ್ದಲ್ಲ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದವರ ಮುಖಗಳನ್ನು ವಿಡಿಯೋದಲ್ಲಿ ನೋಡಿ ಅಂಕ ಹಾಕಿದಾಗ, ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರೇ ಜಾಸ್ತಿ ಖುಷಿಯಲ್ಲಿದ್ದಂತೆ ಕಂಡರು. ಬೆಳ್ಳಿಯವನು ಕೈತಪ್ಪಿದ ಚಿನ್ನವನ್ನು ನೋಡುತ್ತಾನೆ. ಕಂಚಿನವನು ಬರಿಗೈಯಲ್ಲಿ ಹೋಗಬೇಕಾಗಿದ್ದ ನಾಲ್ಕನೆಯವನನ್ನು ನೋಡುತ್ತಾನೆ.

ಬಸ್ಸು ನಿಮ್ಮ ಕಣ್ಣೆದುರೇ ಹೋಯಿತು. ಅದು ಅರ್ಧ ಗಂಟೆ ಮೊದಲೇ ಹೋಗಿದ್ದರೆ ನೀವು ಇಷ್ಟು ಹೊತ್ತಿಗೆ ಮರೆತೇಬಿಡುತ್ತಿದ್ದಿರೋ ಏನೋ. ನೆನಪಿನಲ್ಲಿ ಉಳಿದಿದೆ ಎಂದ ಮಾತ್ರಕ್ಕೆ ಅದೇ ಮುಖ್ಯ ಕಾರಣ ಎನ್ನಲಾಗದು. ಮನಸ್ಸಿನಲ್ಲಿ ತಿದ್ದಲು ಸುಲಭವಾದದ್ದು ಚೆನ್ನಾಗಿ ನೆನಪಿರುತ್ತದೆ. ತಿದ್ದಲು ಕಷ್ಟವಾದದ್ದು ಹಿಂದೆ ಸರಿಯುತ್ತದೆ.

ಈಗ ನೀವು ದಾಟಿಸಿಬಿಟ್ಟ ಮಾತಿಗೆ ಬರೋಣ. ಎರಡು ದಿನ ಬಿಟ್ಟು ಬಂದರೂ ನೋಡುತ್ತೇವೆ ಎಂದಿದ್ದರು. ಅಂದರೆ ಬಸ್ಸು ತಪ್ಪಿದ್ದರಿಂದ ಬಾಗಿಲು ಮುಚ್ಚಿರಲಿಲ್ಲ. ಮುಚ್ಚಿದ್ದು ಅಪ್ಪನ ಅನಾರೋಗ್ಯ, ಮಳೆಗಾಲದ ನಡುವೆ ಕೊಳೆರೋಗಕ್ಕೆ ಮದ್ದು ಬಿಡಬೇಕಾದ ತುರ್ತು. ಆ ವರ್ಷ ತೋಟ ಕೈಬಿಟ್ಟಿದ್ದರೆ ಫಸಲು ಉದುರುತ್ತಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವೇನೋ, ನೀವು ಬರೆದಿಲ್ಲ. ಹದಿನಾರು ಹದಿನೇಳರ ಹುಡುಗ ಆಗ ಮಾಡಿದ್ದು ತಪ್ಪು ಎಂದು ನಾನು ಹೇಳಲಾರೆ. ಆದರೆ ಅದು ಚಪ್ಪಲಿಯ ಕಥೆ ಅಲ್ಲ ಅಲ್ವಾ? ಅದು ಮನೆಯ ಸ್ಥಿತಿಯ ಕಥೆ. ಚಪ್ಪಲಿಯ ಮೇಲೆ ತಪ್ಪು ಹೊರಿಸುವುದು ಸುಲಭ, ಅದು ನೋಯುವುದಿಲ್ಲ. ಅಪ್ಪನ ಕಾಯಿಲೆಯ ಮೇಲೆ ಹೊರಿಸಿದರೆ ನೋಯುತ್ತದೆ.

ಆಕಸ್ಮಿಕಗಳ ಬಗ್ಗೆ ಗಂಭೀರವಾಗಿ ಬರೆದವರಲ್ಲಿ ಆಲ್ಬರ್ಟ್ ಬಂಡೂರ ಮುಖ್ಯರು. ಕೆನಡಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ. ಆಕಸ್ಮಿಕ ಭೇಟಿಗಳು ಬದುಕಿನ ದಾರಿಯನ್ನು ಹೇಗೆ ಬದಲಿಸುತ್ತವೆ ಎಂದು 1982ರಲ್ಲಿ ಒಂದು ಲೇಖನ ಬರೆದರು. ಅವರು ಮನಶ್ಶಾಸ್ತ್ರಕ್ಕೆ ಬಂದ ಕಥೆಯೇ ತಮಾಷೆಯಾಗಿದೆ. ಕಾಲೇಜಿಗೆ ಅವರು ಬೇರೆ ವಿದ್ಯಾರ್ಥಿಗಳ ಕಾರಿನಲ್ಲಿ ಹೋಗುತ್ತಿದ್ದರು. ಅವರೆಲ್ಲ ಬೆಳಿಗ್ಗೆ ಬೇಗ ಕ್ಲಾಸ್ ಇದ್ದವರು. ಇವರಿಗೆ ಆ ಹೊತ್ತಿನಲ್ಲಿ ಕೆಲಸ ಇರಲಿಲ್ಲ. ಸುಮ್ನೆ ಕೂರುವುದು ಯಾಕೆ ಎಂದು ಪಟ್ಟಿ ನೋಡಿದರೆ ಆ ಸಮಯಕ್ಕೆ ಹೊಂದುವ ಒಂದು ಮನಶ್ಶಾಸ್ತ್ರದ ತರಗತಿ ಕಂಡಿತು. ಸೇರಿದರು. ಅಲ್ಲಿಂದ ಜೀವನಪೂರ್ತಿ ಅದೇ ಕೆಲಸ. ಹೆಂಡತಿಯನ್ನು ಮೊದಲು ಭೇಟಿಯಾದದ್ದು ಗಾಲ್ಫ್ ಮೈದಾನದಲ್ಲಿ, ಅದೂ ಆಕಸ್ಮಿಕ.

ಆದರೆ ಬಂಡೂರ ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ಹರಟೆ ಆಗುತ್ತಿತ್ತು. ಅವರ ನಿಜವಾದ ಪ್ರಶ್ನೆ ಬೇರೆ. ದಿನಕ್ಕೆ ಎಷ್ಟೋ ಆಕಸ್ಮಿಕಗಳು ನಮ್ಮನ್ನು ಮುಟ್ಟಿ ಹೋಗುತ್ತವೆ, ಹೆಚ್ಚಿನವು ಏನನ್ನೂ ಮಾಡುವುದಿಲ್ಲ, ಕೆಲವು ಮಾತ್ರ ಯಾಕೆ ಅಂಟಿಕೊಳ್ಳುತ್ತವೆ? ಅದು ಎರಡೂ ಕಡೆ ನೋಡಬೇಕಾದ ವಿಷಯ ಎನ್ನುತ್ತಾರೆ. ಒಂದು ಕಡೆ ನಾವು. ಆ ಹೊಸ ಜಾಗಕ್ಕೆ ಕಾಲಿಡಲು ಬೇಕಾದ ಕೌಶಲ ನಮ್ಮಲ್ಲಿದೆಯಾ, ಅಲ್ಲಿಯ ಜನರ ಮೇಲೆ ಪ್ರೀತಿ ಹುಟ್ಟುತ್ತದಾ, ನಮಗೆ ಸರಿ ಅನ್ನಿಸುವುದಕ್ಕೂ ಅವರಿಗೆ ಸರಿ ಅನ್ನಿಸುವುದಕ್ಕೂ ಹೊಂದಿಕೆ ಇದೆಯಾ. ಇನ್ನೊಂದು ಕಡೆ ಆ ಜಾಗ. ಅದು ನಮಗೆ ಏನು ಕೊಡುತ್ತದೆ, ಎಷ್ಟು ಮುಚ್ಚಿಕೊಂಡಿದೆ, ಒಳಗೆ ಹೋದವರು ಹೊರಗೆ ಬರಬಹುದಾ. ಬಂಡೂರನಿಗೆ ಓದುವ ಮನಸ್ಸು ಮೊದಲೇ ಇತ್ತು. ಆ ತರಗತಿಯಲ್ಲಿ ಅದೇ ಹೊತ್ತಿಗೆ ಕುಳಿತಿದ್ದ ಉಳಿದವರೆಲ್ಲ ಮನಶ್ಶಾಸ್ತ್ರಜ್ಞರಾಗಲಿಲ್ಲ.

ನಮ್ಮ ಕಡೆಯ ಉದಾಹರಣೆ ಬೇಕಾದರೆ ಮಂಜೇಶ್ವರದ ಗೋವಿಂದ ಪೈಗಳನ್ನು ನೋಡಿ. ಮದರಾಸಿನಲ್ಲಿ ಬಿ.ಎ. ಓದುತ್ತಿದ್ದವರು ತಂದೆಯ ಕಾರಣಕ್ಕೆ ಊರಿಗೆ ಮರಳಬೇಕಾಯಿತು, ಪದವಿ ಪೂರ್ತಿಯಾಗಲಿಲ್ಲ. ಮೇಲುನೋಟಕ್ಕೆ ನಿಮ್ಮದೇ ಕಥೆ. ಮುಂದೆ ಅವರು ಹಲವು ಭಾಷೆಗಳ ವಿದ್ವಾಂಸರಾದರು. 1949ರಲ್ಲಿ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಎಂಬ ಗೌರವ ಕೊಟ್ಟಿತು. ‘ನೋಡಿ, ಮನಸ್ಸಿದ್ದರೆ ಮಾರ್ಗ’ ಎಂದು ಇದನ್ನು ಭಾಷಣಗಳಲ್ಲಿ ಹೇಳುವವರು ಒಂದು ವಿಷಯ ಬಿಡುತ್ತಾರೆ. ಪೈಗಳದ್ದು ಸಾಹುಕಾರರ ಮನೆತನ. ಮನೆಯಲ್ಲಿ ಕೂತು ಪುಸ್ತಕ ತರಿಸಿ ಓದಲು ಅನುಕೂಲ ಇತ್ತು. ಅವರ ಶ್ರಮ ಸಣ್ಣದಲ್ಲ, ಆದರೆ ಓದು ನಿಂತ ಎಲ್ಲ ಹುಡುಗರಿಗೂ ಅಂಥ ಮನೆ ಇರುವುದಿಲ್ಲ.

ಚಿಟ್ಟೆಯ ಮಾತನ್ನು ನೀವು ಕೇಳಿರಬಹುದು. ಒಂದು ಚಿಟ್ಟೆ ರೆಕ್ಕೆ ಬಡಿದರೆ ಎಲ್ಲೋ ಸುಂಟರಗಾಳಿ ಏಳುತ್ತದೆ ಎಂಬ ಮಾತು. ಇದು ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ಅವರಿಂದ ಬಂದದ್ದು. 1961ರಲ್ಲಿ ಅವರು ಕಂಪ್ಯೂಟರಿನಲ್ಲಿ ಹವಾಮಾನದ ಒಂದು ಲೆಕ್ಕವನ್ನು ಎರಡನೇ ಸಲ ಓಡಿಸುವಾಗ 0.506127 ಎಂಬ ಅಂಕಿಯ ಬದಲು 0.506 ಎಂದು ಹಾಕಿದರು. ಅಷ್ಟು ಸಣ್ಣ ವ್ಯತ್ಯಾಸ. ಸ್ವಲ್ಪ ಹೊತ್ತಿನಲ್ಲಿ ಎರಡು ಲೆಕ್ಕಗಳು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ದೂರ ಹೋದವು. 1972ರಲ್ಲಿ ಚಿಟ್ಟೆಯ ಹೆಸರು ಹೇಳಿ ಒಂದು ಭಾಷಣ ಮಾಡಿದರು. ಎಲ್ಲರೂ ಆ ಭಾಷಣದ ತಲೆಬರಹವನ್ನು ಹಿಡಿದುಕೊಂಡರು, ಒಳಗೆ ಹೇಳಿದ್ದನ್ನು ಬಿಟ್ಟರು. ಲೊರೆಂಜ್ ಅಲ್ಲೇ ಎಚ್ಚರಿಸಿದ್ದರು: ಒಂದು ಚಿಟ್ಟೆ ಸುಂಟರಗಾಳಿ ಎಬ್ಬಿಸಬಹುದಾದರೆ ಅದನ್ನು ತಡೆಯಲೂಬಹುದು. ಅದಲ್ಲದೆ ಆ ಚಿಟ್ಟೆಯ ಹಿಂದಿನ ಮುಂದಿನ ಬಡಿತಗಳೂ, ಉಳಿದ ಲಕ್ಷಾಂತರ ಚಿಟ್ಟೆಗಳ ಬಡಿತಗಳೂ ಲೆಕ್ಕಕ್ಕೆ ಬರುತ್ತವೆ.

ಹಾಗಾಗಿ ಚಿಟ್ಟೆಯ ಕಥೆಯಿಂದ ‘ಆ ಒಂದು ಬಸ್ಸೇ ಕಾರಣ’ ಎಂದು ತೀರ್ಮಾನಿಸಲಾಗದು. ಬಸ್ಸು ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ಯಾರಿಗೂ ಹೇಳಲು ಬರುವುದಿಲ್ಲ, ಅದರಿಂದ ತಿಳಿಯುವುದು ಇಷ್ಟೇ. ನಿಮ್ಮ ಮನಸ್ಸಿನ ‘ಸಿಕ್ಕಿದ್ದರೆ’ ಕಥೆಯನ್ನು ಒಮ್ಮೆ ಪರೀಕ್ಷೆ ಮಾಡಿ. ಅದರಲ್ಲಿ ಸೀಟು ಸಿಗುತ್ತದೆ, ಕೆಲಸ ಸಿಗುತ್ತದೆ, ಜರ್ಮನಿ ಸಿಗುತ್ತದೆ. ಅಪ್ಪನ ಕಾಯಿಲೆ ಆ ಕಥೆಯಲ್ಲಿ ಎಲ್ಲಿ ಹೋಯಿತು? ಮದ್ದು ಬಿಡದ ತೋಟ? ಡಿಪ್ಲೊಮಾದ ಮೊದಲ ವರ್ಷದಲ್ಲೇ ಮನೆಗೆ ವಾಪಸು ಬರಬೇಕಾಗುತ್ತಿತ್ತೋ ಏನೋ. ಹೆಂಡತಿ, ಮಗಳು, ಅಂಗಡಿ ಎಲ್ಲ ಹಾಗೇ ಇದ್ದು ಸಂಬಳ ಮಾತ್ರ ಬದಲಾಗುವ ಲೆಕ್ಕ ಅದು. ಹಾಗೆ ಒಂದನ್ನು ಮಾತ್ರ ಬದಲಿಸಲು ಯಾರಿಗೂ ಸಿಗುವುದಿಲ್ಲ.

ಗೆಳೆಯನ ಕಡೆಯಿಂದಲೂ ನೋಡಿ. ಅವರು ಜರ್ಮನಿಗೆ ಹೋದದ್ದು ಬಸ್ಸಿನಿಂದಲ್ಲ. ನಡುವೆ ಎಷ್ಟೋ ಜನ, ಎಷ್ಟೋ ಪರಿಚಯ ಇದ್ದಿರಬೇಕು. ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ 1973ರಲ್ಲಿ ತೋರಿಸಿದ ಸಂಗತಿ ಗಲ್ಫ್ ವೀಸಾದ ಊರಾದ ಕಾಸರಗೋಡಿನವರಿಗೆ ವಿಶೇಷ ಅನ್ನಿಸುವುದಿಲ್ಲ. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಅವರು ಕೇಳಿದ್ದರು. ಆ ಸಮಯದಲ್ಲಿ ಸುದ್ದಿ ಕೊಟ್ಟ ಪರಿಚಯದವರನ್ನು ಪದೇ ಪದೇ ಕಾಣುತ್ತಿದ್ದವರು ಸುಮಾರು 17 ಶೇಕಡಾ ಮಾತ್ರ. ಉಳಿದವರಿಗೆ ಸುದ್ದಿ ಬಂದದ್ದು ಆಗೊಮ್ಮೆ ಈಗೊಮ್ಮೆ ಸಿಗುವವರಿಂದ, ಕೆಲವರಿಗೆ ಅಪರೂಪಕ್ಕೆ ಸಿಗುವವರಿಂದ. ಕಾರಣ ಸರಳ. ದಿನಾ ಸಿಗುವವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಭಾವನ ಸ್ನೇಹಿತನ ಅಣ್ಣನಿಗೆ ಬೇರೆ ಲೋಕದ ಸುದ್ದಿ ಇರುತ್ತದೆ.

ನಾವು ನೆನಪಿಟ್ಟುಕೊಳ್ಳದ ಆಕಸ್ಮಿಕಗಳೇ ಜಾಸ್ತಿ ಕೆಲಸ ಮಾಡುತ್ತವೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ತರಬೇತಿಗೆ ಬಂದ ಪೊಲೀಸರನ್ನು ಹೆಸರಿನ ಅಕ್ಷರದ ಕ್ರಮದಲ್ಲಿ ಕೂರಿಸುತ್ತಿದ್ದರು, ಕೋಣೆಗಳನ್ನೂ ಹಾಗೇ ಕೊಡುತ್ತಿದ್ದರು. 1974ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತಿರದ ಗೆಳೆಯ ಯಾರು ಎಂದು ಕೇಳಿದರೆ ಹೆಚ್ಚಿನವರು ಹೇಳಿದ್ದು ತಮ್ಮ ಅಕ್ಷರದ ಆಸುಪಾಸಿನವರನ್ನೇ. ಧರ್ಮ, ವಯಸ್ಸು, ಅಭಿರುಚಿ ಇವೆಲ್ಲಕ್ಕಿಂತ ಅಕ್ಷರವೇ ಮುಂದಿತ್ತು ಎಂದರೆ ನಗು ಬರುತ್ತದೆ. ಜರ್ಮನಿಯಲ್ಲಿ 2008ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಹೊಸ ವಿದ್ಯಾರ್ಥಿಗಳಿಗೆ ಮೊದಲ ದಿನ ಚೀಟಿ ಎತ್ತಿದಂತೆ ಸೀಟು ಕೊಟ್ಟರು. ಒಂದು ವರ್ಷದ ಮೇಲೆ ನೋಡಿದರೆ ಅವತ್ತು ಪಕ್ಕದಲ್ಲಿ ಕುಳಿತವರ ನಡುವೆಯೇ ಗೆಳೆತನ ಹೆಚ್ಚು ಗಟ್ಟಿಯಾಗಿತ್ತು. ನಮ್ಮ ಶಾಲೆಗಳ ಹಾಜರಿ ಪಟ್ಟಿಯಲ್ಲಿ ನಿಮ್ಮ ಮೇಲೆ ಕೆಳಗೆ ಯಾರಿದ್ದರು, ಅವರಲ್ಲಿ ಯಾರು ಈಗಲೂ ಫೋನ್ ಮಾಡುತ್ತಾರೆ, ನೋಡಿ.

ಇನ್ನು ದೊಡ್ಡ ಆಕಸ್ಮಿಕಗಳು. ಅವನ್ನು ಆಕಸ್ಮಿಕ ಎಂದು ನಾವು ಕರೆಯುವುದೇ ಇಲ್ಲ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ಮಹಾಜನ್ ಆಯೋಗ 1967ರಲ್ಲಿ ಹೇಳಿತು, ಅದು ಜಾರಿಯಾಗಲಿಲ್ಲ. ಗಡಿಯ ತಲಪಾಡಿಯ ಆಚೆ ಹುಟ್ಟಿದ ನಿಮ್ಮ ಮಾವನ ಮಗ ಮತ್ತು ಈಚೆ ಹುಟ್ಟಿದ ನೀವು ಬೇರೆ ಬೇರೆ ಪರೀಕ್ಷೆ ಬರೆದಿರಿ, ಬೇರೆ ಬೇರೆ ಭಾಷೆಯ ಅರ್ಜಿ ತುಂಬಿದಿರಿ. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಕರ್ನಾಟಕ ಗಡಿ ಮುಚ್ಚಿದಾಗ ತಲಪಾಡಿಯಲ್ಲಿ ಆಂಬುಲೆನ್ಸುಗಳು ನಿಂತವು. ದಶಕಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಹೋಗಲಾಗದೆ ತೀರಿಕೊಂಡ ಸುದ್ದಿಗಳು ಬಂದವು. ಎಣ್ಮಕಜೆ, ಮುಳಿಯಾರು ಕಡೆ 2000ದ ತನಕ ವರ್ಷಗಟ್ಟಲೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಯಾರ ಮನೆ ಗುಡ್ಡದ ಕೆಳಗಿತ್ತು, ಯಾರ ಬಾವಿಗೆ ಆ ನೀರು ಹರಿದು ಬಂತು ಎಂಬುದು ಎಷ್ಟೋ ಮಕ್ಕಳ ಬದುಕನ್ನು ತೀರ್ಮಾನಿಸಿತು. ಅದರಲ್ಲಿ ಅವರ ಆಯ್ಕೆ ಏನಿತ್ತು? ಇಂಥವನ್ನು ಬರಿ ಅದೃಷ್ಟ ಎಂದು ಬಿಟ್ಟುಬಿಡುವುದೂ ನನಗೆ ಒಪ್ಪಿಗೆ ಇಲ್ಲ. ಮಗುವಿನ ಪಾಲಿಗೆ ಅದು ಆಕಸ್ಮಿಕ. ಸಿಂಪಡಿಸಿದವರ ಪಾಲಿಗೆ ಅದು ತೀರ್ಮಾನ.

ಹಣೆಬರಹದ ಬಗ್ಗೆ ಕೇಳಿದ್ದೀರಿ. ಅದಕ್ಕೆ ಉತ್ತರ ಕೊಡುವ ವಿದ್ಯೆ ನನ್ನದಲ್ಲ. ಆದರೆ ನಮ್ಮ ತಾಳಮದ್ದಳೆಗಳಲ್ಲಿ ಕರ್ಣನ ಅರ್ಥ ಹೇಳುವವರು ಇದನ್ನು ಚೆನ್ನಾಗಿ ಬಿಡಿಸುತ್ತಾರೆ. ಹೊಳೆಯಲ್ಲಿ ತೇಲಿಬಂದ ಪೆಟ್ಟಿಗೆ ಅಧಿರಥನ ಕೈಗೇ ಸಿಕ್ಕಿದ್ದರಲ್ಲಿ ಕರ್ಣನ ಪಾಲು ಏನೂ ಇಲ್ಲ. ನೀನು ಕುಂತಿಯ ಮಗ ಎಂದು ಕೃಷ್ಣ ಹೇಳಿದ ಮೇಲೂ ಕೌರವನ ಬಳಿ ಉಳಿದದ್ದು ಅವನದೇ ಪಾಲು. ನನಗೆ ಕಂಡಂತೆ ಹಣೆಬರಹ ಎಂಬ ಮಾತು ಸತ್ತವರ ಮನೆಯಲ್ಲಿ ಸಮಾಧಾನ ಕೊಡುತ್ತದೆ, ಅಲ್ಲಿ ಅದಕ್ಕೆ ಬೆಲೆ ಇದೆ. ಮಗಳ ಕಾಲೇಜು ಆರಿಸುವಾಗ ಅದು ಮಾತನ್ನು ಅಲ್ಲಿಗೇ ಮುಗಿಸಿಬಿಡುತ್ತದೆ.

ಮಗಳ ವಿಷಯಕ್ಕೆ ಬರೋಣ. ನಿಮ್ಮ ಹೆದರಿಕೆ ಒಂದು ತಪ್ಪು ತೀರ್ಮಾನದ ಬಗ್ಗೆ. ನಾನಾದರೆ ತೀರ್ಮಾನಕ್ಕಿಂತ ಜಾಸ್ತಿ, ಅದು ಸರಿಹೋಗದಿದ್ದರೆ ಮುಂದೇನು ಎಂಬುದಕ್ಕೆ ತಲೆ ಕೊಡುತ್ತೇನೆ. 2001ರಲ್ಲಿ ನಿಮಗೆ ಎರಡನೇ ಅವಕಾಶ ಬಂದಿತ್ತು, ಅದನ್ನು ಬಳಸಿಕೊಳ್ಳುವ ಸ್ಥಿತಿಯಲ್ಲಿ ಮನೆ ಇರಲಿಲ್ಲ. ಈಗಿನ ಮನೆ ಆ ಸ್ಥಿತಿಯಲ್ಲಿ ಇದೆಯಾ? ಮೂರು ತಿಂಗಳ ಮೇಲೆ ಅವಳು ‘ಅಪ್ಪ, ನನಗೆ ಹಾಸ್ಟೆಲ್ ಆಗುವುದಿಲ್ಲ’ ಎಂದರೆ ಬೈಯದೆ ಕರೆದುಕೊಂಡು ಬರಲು ನೀವು ತಯಾರಾ? ಕಟ್ಟಿದ ಫೀಸು ಹೋದರೆ ಹೋಗಲಿ ಎನ್ನುವಷ್ಟು ಹಣ ಬೇರೆ ತೆಗೆದಿಟ್ಟಿದ್ದೀರಾ? ಇದನ್ನು ಸೇರಿಸುವ ಮೊದಲೇ ಮನೆಯಲ್ಲಿ ಮಾತಾಡಿ, ಅವಳಿಗೂ ಹೇಳಿ. ವಾಪಸು ಬರಬಹುದು ಎಂದು ಗೊತ್ತಿದ್ದರೆ ಧೈರ್ಯವಾಗಿ ಹೋಗಬಹುದು.

ಉಳಿದದ್ದು ಲೆಕ್ಕಾಚಾರ. ಪ್ಲಸ್ ಟು ಆದರೂ ಪಿಯುಸಿ ಆದರೂ ಮುಂದೆ ಡಿಗ್ರಿಗೆ ದಾರಿ ಇದೆ, ಹಾಗಾಗಿ ಇದು ಜೀವನದ ಕೊನೆಯ ಕವಲು ಅಲ್ಲ. ಕಷ್ಟ ಇರುವುದು ವರ್ಷದ ನಡುವೆ ಒಂದು ರಾಜ್ಯದ ಬೋರ್ಡಿನಿಂದ ಇನ್ನೊಂದಕ್ಕೆ ಬದಲಿಸುವುದರಲ್ಲಿ. ಅವಳಿಗೆ ಕೇರಳದಲ್ಲಿ ಸರಕಾರಿ ಕೆಲಸದ ಆಸೆ ಇದ್ದರೆ ಮಲಯಾಳಂ ಓದು ಬರಹ ಗಟ್ಟಿ ಇರುವುದು ಒಳ್ಳೆಯದು, ಇಲ್ಲೇ ಓದಿದರೆ ಅದು ತಾನಾಗಿ ಬೆಳೆಯುತ್ತದೆ. ಇಂಜಿನಿಯರಿಂಗ್ ಅಥವಾ ಬೇರೆ ಕೋರ್ಸಿಗೆ ಕರ್ನಾಟಕದ ಸಿಇಟಿ ಬರೆಯುವ ಯೋಚನೆ ಇದ್ದರೆ, ಅಲ್ಲಿ ಗಡಿನಾಡು ಮತ್ತು ಹೊರನಾಡು ಕನ್ನಡಿಗರಿಗೆ ಬೇರೆ ನಿಯಮಗಳಿವೆ. ಯಾವ ಕಾಗದ ಬೇಕು, ಎಲ್ಲಿ ಎಷ್ಟು ವರ್ಷ ಓದಿರಬೇಕು ಎಂದು ಆ ವರ್ಷದ ಕೈಪಿಡಿಯಲ್ಲಿ ಈಗಲೇ ನೋಡಿ. ಎರಡು ವರ್ಷ ಕಳೆದ ಮೇಲೆ ನೋಡಿದರೆ ತಡವಾಗುತ್ತದೆ. ಹಾಸ್ಟೆಲಿಗೆ ಹೋಗಿ ಕಟ್ಟಡ ನೋಡುವುದಕ್ಕಿಂತ ಅಲ್ಲಿ ಈಗ ಓದುತ್ತಿರುವ ಇಬ್ಬರು ಹುಡುಗಿಯರ ಹತ್ತಿರ ಮಾತಾಡಿಸಿ. ಅವಳ ಪಕ್ಕದಲ್ಲಿ ಯಾರು ಕೂರುತ್ತಾರೆ ಎಂಬುದು ಮುಂದೆ ದೊಡ್ಡ ವಿಷಯ ಆಗುತ್ತದೆ, ಮೇಲೆ ಹೇಳಿದ ಪೊಲೀಸರ ಹಾಗೆ.

ಇಷ್ಟೆಲ್ಲ ಮಾಡಿದ ಮೇಲೂ ಎರಡೂ ಸಮ ಅನ್ನಿಸಿದರೆ? ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಇಂಥ ಗೊಂದಲದಲ್ಲಿದ್ದವರಿಗೆ ಅಂತರ್ಜಾಲದಲ್ಲಿ ನಾಣ್ಯ ಚಿಮ್ಮಲು ಹೇಳಿದ್ದರು. ಕೆಲಸ ಬಿಡಲಾ, ಊರು ಬಿಡಲಾ, ಇಂಥ ಪ್ರಶ್ನೆಗಳು. 20,000ಕ್ಕೂ ಹೆಚ್ಚು ಸಲ ನಾಣ್ಯ ಚಿಮ್ಮಲಾಯಿತು. ದೊಡ್ಡ ತೀರ್ಮಾನಗಳಲ್ಲಿ ‘ಬದಲಾಯಿಸು’ ಎಂದು ನಾಣ್ಯ ಹೇಳಿದವರು ಬದಲಾಯಿಸಿದ್ದೂ ಜಾಸ್ತಿ, ಆರು ತಿಂಗಳ ನಂತರ ಕೇಳಿದಾಗ ಹೆಚ್ಚು ಖುಷಿಯಾಗಿದ್ದೇವೆ ಎಂದದ್ದೂ ಜಾಸ್ತಿ. ಅವರೆಲ್ಲ ತಾವಾಗಿ ಬಂದವರು, ಉತ್ತರವೂ ಅವರ ಬಾಯಿಮಾತು, ಹಾಗಾಗಿ ಇದನ್ನು ವೇದವಾಕ್ಯ ಮಾಡಬೇಡಿ. ಆದರೂ ತೂಗಿ ತೂಗಿ ಸಮ ಬಂದಾಗ ನಾವು ಇದ್ದಲ್ಲೇ ಇರುವ ಕಡೆಗೆ ವಾಲುತ್ತೇವೆ ಎಂಬುದು ನಾನು ಕಂಡ ಮನೆಗಳಲ್ಲೂ ನಿಜ. ಅದು ಬುದ್ಧಿವಂತಿಕೆಯಿಂದಲ್ಲ, ಹೆಚ್ಚಾಗಿ ಹೆದರಿಕೆಯಿಂದ.

ಕೊನೆಗೆ ಒಂದು ಮಾತು. ನಿಮ್ಮ ಪತ್ರದಲ್ಲಿ ಚಪ್ಪಲಿ ಇದೆ, ಬಸ್ಸು ಇದೆ, ಗೆಳೆಯ ಇದ್ದಾನೆ. ಮಗಳಿಗೆ ಏನು ಇಷ್ಟ, ಯಾವ ವಿಷಯದಲ್ಲಿ ಚುರುಕು, ಮನೆ ಬಿಟ್ಟು ಇರಲು ಅವಳಿಗೆ ಮನಸ್ಸಿದೆಯಾ ಎಂಬುದು ಒಂದು ಸಾಲಿನಲ್ಲೂ ಇಲ್ಲ. ಅವಳ ಹತ್ತಿರ ಕೂತು ಕೇಳಿ. ಸಾಧ್ಯವಾದರೆ ಮುಂದಿನ ಪತ್ರವನ್ನು ಅವಳೇ ಬರೆಯಲಿ. ಪ್ಲಸ್ ಒನ್ ಸೀಟುಗಳ ಅಲಾಟ್‌ಮೆಂಟ್ ಶುರುವಾಗುವ ಮೊದಲು ಸಿಕ್ಕಿದರೆ ಯಾವುದು ವಾಸಿ ಎಂದು ಇನ್ನೂ ಬಿಡಿಸಿ ಹೇಳಬಲ್ಲೆ.